ಎಡಗೈ ಏಟಿಗೆ ವರಸೆ

ಕಾರೇಹಟ್ಟಿ, ಹುಳಿಯಾರು ಹೋಬಳಿ
೧೮-೬-೧೯೭೮

ಪೂಜ್ಯ ಉಸ್ತಾದ್ ಅಂಜನಪ್ಪನವರಿಗೆ, ಕಾರೇಹಟ್ಟಿ ಉಪಕೇಂದ್ರದ ನರ್ಸ್ ರಾಮಲಕ್ಷ್ಮಮ್ಮ ಮಾಡುವ ನಮಸ್ಕಾರಗಳು.

ನಿಮ್ಮ ವಿಳಾಸ ಸಿಗುವುದಕ್ಕೆ ಒಂದು ತಿಂಗಳು ಹಿಡಿಯಿತು. ನಿಮ್ಮ ಮಗ ದುರ್ಗಯ್ಯನವರು ನಿಮ್ಮನ್ನು ತಮ್ಮ ಕಾರ್ಖಾನೆ ಊರಿಗೆ ಕರೆದುಕೊಂಡು ಹೋಗುವಾಗ ಬರೆದುಕೊಟ್ಟಿದ್ದ ಚೀಟಿಯನ್ನು ಅಂಚೆ ಕೆಂಚಯ್ಯ ಎಲ್ಲೋ ಇಟ್ಟು ಮರೆತಿದ್ದ. ಭಿಲಾಯಿ ಎಷ್ಟು ದೂರ ಎಂದು ಕೇಳಿದರೆ, "ರೈಲು ಎರಡು ದಿನ ಓಡ್ತದಂತೆ ಕಣಮ್ಮ, ಅಲ್ಲಿ ಒಂದು ತೆಂಗಿನಮರಾನೂ ಇಲ್ವಂತೆ" ಅಂದ.

ನೀವು ಹೋದ ಮೇಲೆ ಗರಡಿಮನೆಗೆ ಬೀಗ ಬಿದ್ದಿದೆ. ನಾನಂತೂ ಅದರ ಹೊಸ್ತಿಲು ದಾಟಿದವಳಲ್ಲ. ಹೆಂಗಸು ಗರಡಿ ಮಣ್ಣು ತುಳಿಯಬಾರದು ಎಂದು ನೀವು ಹೇಳಿ, ಬೋರಮ್ಮನವರ ತೋಟದಲ್ಲಿ ನಿಲ್ಲಿಸಿ ಮೂರು ತಿಂಗಳು ಕಲಿಸಿದಿರಿ. ಈಗಲೂ ಅಲ್ಲಿಗೇ ಹೋಗುತ್ತೇನೆ. ಬೆಳಕು ಹರಿದ ಮೇಲೆ, ಜನ ಕೆರೆ ಕಡೆ ಹೊರಡುವ ಮುಂಚೆ, ಬಿದ್ದ ಗರಿಗಳನ್ನು ಪಕ್ಕಕ್ಕೆ ಎಳೆದುಹಾಕಿ ನಾಲ್ಕು ಹೆಜ್ಜೆಯ ವರಸೆ ಮಾಡುತ್ತೇನೆ. ಮೂವತ್ತಮೂರು ವರ್ಷದ ಹೆಂಗಸು ಒಬ್ಬಳೇ ತೋಟದಲ್ಲಿ ಕೋಲು ತಿರುಗಿಸುವುದನ್ನು ಕಂಡವರು ಏನಂದುಕೊಳ್ಳುತ್ತಾರೋ. ಹೇಗೂ ನನ್ನ ಹತ್ತಿರ ಯಾರೂ ಏನೂ ಹೇಳುವುದಿಲ್ಲ.

ಒಂದು ಸಂದೇಹ. ಮೂರನೆಯ ಹೆಜ್ಜೆಯಲ್ಲಿ ತಿರುಗುವಾಗ ಕೋಲು ನನ್ನ ತಲೆಗೇ ಬಡಿಯುತ್ತದೆ. ಎರಡು ಸಲ ಬುಗುಟೆ ಬಂತು. ನೀವಿದ್ದಿದ್ದರೆ ನಗುತ್ತಿದ್ದಿರಿ. ಕಲಿಸಿ ಎಂದು ಮೊದಲು ಕೇಳಿದಾಗಲೂ ನಕ್ಕಿದ್ದಿರಿ. "ನಾಯಿ ಕಾಟಕ್ಕೆ ಕೋಲು ಸಾಕು, ವರಸೆ ಯಾಕವ್ವ?" ಅಂದಿರಿ. ನಾಯಿಗಳೇನೋ ಇದ್ದೇ ಇವೆ. ಹಟ್ಟಿಯಿಂದ ಹಟ್ಟಿಗೆ ನಡೆಯುವವಳಿಗೆ ಕೋಲು ಬೇಕೇ ಬೇಕು.

ನಿಮ್ಮ ಮನೆಯವರು ತಿಮ್ಮಕ್ಕನವರು ತೀರಿಕೊಂಡು ವರ್ಷವಾಗುತ್ತಾ ಬಂತು. ಅವರಿಗೆ ಸೂಜಿ ಹಾಕಲು ನಿಮ್ಮ ಮನೆಗೆ ಬರುತ್ತಿದ್ದ ದಿನಗಳು ನೆನಪಾಗುತ್ತವೆ. ಆರೋಗ್ಯ ನೋಡಿಕೊಳ್ಳಿ.

ಇತಿ, ರಾಮಲಕ್ಷ್ಮಮ್ಮ

•

ಭಿಲಾಯಿ
೯-೭-೧೯೭೮

ಸೋದರಿ ರಾಮಲಕ್ಷ್ಮಮ್ಮನವರಿಗೆ ವಂದನೆಗಳು. ನಾನು ಅಂಜನಪ್ಪನವರ ಪಕ್ಕದ ಕ್ವಾರ್ಟರ್ಸಿನಲ್ಲಿರುವ ಮಲ್ಲಿಕಾರ್ಜುನಯ್ಯ, ಊರು ಚನ್ನಗಿರಿ ಕಡೆ. ಅವರಿಗೆ ಅಕ್ಷರ ಬಾರದ ಕಾರಣ ಅವರು ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತಿದ್ದೇನೆ.

ನರ್ಸಮ್ಮ, ನಿನ್ನ ಕಾಗ್ದ ಬಂತು ಕಣವ್ವ. ಮಲ್ಲಿಕಾರ್ಜುನಯ್ಯೋರು ಓದ್ ಹೇಳಿದ್ರು, ಎರಡು ಸಲ ಓದಿಸ್ದೆ. ಕೋಲು ತಲೆಗೆ ಬಡೀತದೆ ಅಂದ್ರೆ ನೀನು ಕೋಲು ನೋಡ್ತಾ ಇದ್ದೀಯ ಅಂತ. ಕೋಲು ನೋಡಬ್ಯಾಡ. ಕೋಲು ಕೈಯಲ್ಲಿರಾಕಿಲ್ಲ, ಕಾಲಲ್ಲಿರ್ತದೆ. ಎಡಗಾಲು ನೆಲ ಕಚ್ಚಿದ ಮ್ಯಾಲೆ ಸೊಂಟ ತಿರುಗಲಿ, ಸೊಂಟ ತಿರುಗಿದ ಮ್ಯಾಲೆ ಕೈ. ನೀನು ಕೈಯನ್ನ ಮುಂಚೆ ಕಳಿಸ್ತೀಯ. ಹೆದರಿದೋರು ಹಂಗೇ ಮಾಡೋದು.

ಇಲ್ಲಿ ಚೆನ್ನಾಗಿದೀನಿ. ನೆಲ ಎಲ್ಲ ಸಿಮೆಂಟು. ಹಗಲೂ ರಾತ್ರಿ ಕಾರ್ಖಾನೆ ಹೊಗೆ. ಸೊಸೆ ಹಿಂದಿ ಸೀಮೆಯೋಳು, ಒಳ್ಳೇ ಹುಡುಗಿ, ಮುದ್ದೆ ಮಾಡಾಕೆ ಬರಾಕಿಲ್ಲ. ಕಾಲೋನಿ ಹುಡುಗ್ರು ಇಪ್ಪತ್ತು ಜನ ಕಲಿಯಾಕೆ ಬತ್ತಾವ್ರೆ. ಬೆಳಿಗ್ಗೆ ಎದ್ರೆ ಪುರುಸೊತ್ತಿಲ್ಲ. ಅದಕ್ಕೇ ಉತ್ತರ ತಡ ಆಯ್ತು.

ಗರಡಿ ಬೀಗ ತುಕ್ಕು ಹಿಡೀದಂಗೆ ಒಂದು ತೊಟ್ಟು ಎಣ್ಣೆ ಬುಡು. ಹೊರಗಿಂದಾನೇ ಬುಡು.

ಅಂಜನಪ್ಪ

•

ಕಾರೇಹಟ್ಟಿ
೨-೧೦-೧೯೭೮

ಪೂಜ್ಯ ಉಸ್ತಾದರಿಗೆ ನಮಸ್ಕಾರಗಳು.

ಇಪ್ಪತ್ತು ಶಿಷ್ಯರು ಎಂದು ತಿಳಿದು ಸಂತೋಷವಾಯಿತು. ಅಷ್ಟು ಜನರ ನಡುವೆ ನನ್ನ ಕಾಗದಕ್ಕೆ ಸಮಯ ಕೊಡುತ್ತೀರಲ್ಲ. ನೀವು ಹೇಳಿದಂತೆ ಕೋಲನ್ನು ನೋಡುವುದು ಬಿಟ್ಟೆ. ಒಂದು ವಾರ ಎಡವಿ ಎಡವಿ ಬಿದ್ದೆ. ಆಮೇಲೊಂದು ದಿನ ಕೋಲು ತಾನೇ ಬಂದು ತನ್ನ ಜಾಗದಲ್ಲಿ ನಿಂತಿತು. ಸುತ್ತ ನೋಡಿದೆ, ಯಾರಿಗಾದರೂ ತೋರಿಸೋಣ ಎಂದು. ಬೋರಮ್ಮನವರ ಎಮ್ಮೆ ಮಾತ್ರ ಇತ್ತು.

ಊರಿನವರು ಈಗಲೂ ನನ್ನನ್ನು ಆಪರೇಶನ್ ಅಮ್ಮ ಎನ್ನುತ್ತಾರೆ. ತುರ್ತು ಪರಿಸ್ಥಿತಿಯ ಕಾಲದಲ್ಲಿ ಜೀಪು ಬಂದು ಗಂಡಸರನ್ನು ಸಂತಾನಹರಣ ಆಪರೇಶನ್ನಿಗೆ ಎತ್ತಿಕೊಂಡು ಹೋದಾಗ ನಾನು ಈ ಊರಿಗೆ ಬಂದೇ ಇರಲಿಲ್ಲ. ಆದರೂ ಬಿಳಿ ಸೀರೆ ಕಂಡರೆ ಬಾಗಿಲು ಹಾಕುತ್ತಾರೆ. ಕೆಲವು ದಿನ ಕೆಂಚಯ್ಯ "ಕಾಗ್ದ ಇಲ್ಲ ಕಣಮ್ಮ" ಎನ್ನುವುದೊಂದೇ ನಾನು ಕೇಳುವ ಮಾತು.

ಉಸ್ತಾದರೇ, ಮುಂದಿನ ಪಾಠ ಹೇಳಿ. ಇದುವರೆಗೆ ಕಲಿಸಿದ್ದು ಬಲಗೈಯಿಂದ ಬರುವ ಏಟಿಗೆ. ಎದುರಿಗಿರುವುದು ಎಡಗೈಯದಾದರೆ? ನಮಗಿಂತ ಒಂದು ಗೇಣು ಎತ್ತರವಿದ್ದು, ಹತ್ತಿರ ಬರುವವರೆಗೂ ಸುಮ್ಮನಿದ್ದು, ತಟ್ಟನೆ ಕೈ ಎತ್ತುವವರಾದರೆ? ಬರೆದು ತಿಳಿಸಬೇಕು.

ರಾಮಲಕ್ಷ್ಮಮ್ಮ

•

ಭಿಲಾಯಿ
೫-೧೧-೧೯೭೮

ನರ್ಸಮ್ಮ,

ನಾಯಿಗೆ ಎಡಗೈ ಎಲ್ಲಿಂದ ಬಂತವ್ವ?

ನಲವತ್ತು ವರ್ಷ ಮಣ್ಣು ತುಳಿದಿದೀನಿ. ಯಾವನೋ ಒಬ್ಬನ್ನ ಮನಸ್ಸಲ್ಲಿ ಇಟ್ಕಂಡು ಕಲಿಯೋರ ಹೆಜ್ಜೇನೇ ಬೇರೆ. ಯಾರವ್ನು ಹೇಳು. ಊರೋನಾ? ದಾರೀಲಿ ಅಡ್ಡ ಹಾಕ್ತಾವ್ನಾ? ಹೆಸರು ಹೇಳು, ಚಿಕ್ಕಣ್ಣಂಗೆ ಕಾಗ್ದ ಹಾಕಿಸ್ತೀನಿ, ನನ್ನ ಹಳೇ ಶಿಷ್ಯರು ನಾಕು ಜನ ಹೋಗಿ ಅವನ ಕೈ ಮುರೀತಾರೆ. ಹೇಳೋಗಂಟ ಮುಂದಿನ ವರಸೆ ಇಲ್ಲ.

ಅಂಜನಪ್ಪ

•

ಕಾರೇಹಟ್ಟಿ
೧೭-೧೨-೧೯೭೮

ಪೂಜ್ಯ ಉಸ್ತಾದರಿಗೆ,

ಈ ಕಾಗದವನ್ನು ನಾಲ್ಕು ಸಲ ಬರೆದು ಹರಿದೆ. ಮಲ್ಲಿಕಾರ್ಜುನಯ್ಯನವರು ಓದಿ ಹೇಳುತ್ತಾರೆ ಎಂದು ಸಂಕೋಚ. ಅವರು ಕ್ಷಮಿಸಬೇಕು.

ನನಗೆ ಗಂಡ ಇದ್ದಾರೆ. ಹೆಸರು ಹಾಲಸ್ವಾಮಿ, ಅರಸೀಕೆರೆಯಲ್ಲಿ ಲಾರಿ ಏಜೆಂಟರು. ಎಡಗೈಯವರು. ಹದಿನೆಂಟಕ್ಕೆ ಮದುವೆಯಾಯಿತು, ಎಂಟು ವರ್ಷ ಬಾಳಿದೆ. ನನ್ನ ಬಲಗಿವಿ ಕೇಳಿಸುವುದಿಲ್ಲ. ನೀವು ತೋಟದಲ್ಲಿ ಬಲಗಡೆಯಿಂದ ಹೇಳಿದ್ದಕ್ಕೆ ನಾನು ತಿರುಗದಿದ್ದಾಗ "ಗ್ಯಾನ ಎಲ್ಲೈತೆ?" ಎಂದು ಬೈಯುತ್ತಿದ್ದಿರಿ. ಗ್ಯಾನ ಅಲ್ಲೇ ಇತ್ತು, ಕಿವಿ ಇರಲಿಲ್ಲ.

ಚಿಕ್ಕನಾಯಕನಹಳ್ಳಿಯ ತೌರಿಗೆ ಮೂರು ಸಲ ಓಡಿಬಂದೆ. ಮೂರು ಸಲವೂ ಅಣ್ಣ ಬಸ್ಸು ಹತ್ತಿಸಿ ಬಿಟ್ಟುಬಂದ. ನಾಲ್ಕನೆಯ ಸಲ ತೌರಿಗೆ ಬರಲಿಲ್ಲ, ತುಮಕೂರಿನ ಸೋದರಮಾವನ ಮನೆಗೆ ಹೋದೆ. ಅವರು ನರ್ಸ್ ಟ್ರೈನಿಂಗಿಗೆ ಸೇರಿಸಿದರು. ಏಳು ವರ್ಷ ನಾನು ಎಲ್ಲಿದ್ದೇನೆಂದು ಗಂಡನಿಗೆ ಗೊತ್ತಿರಲಿಲ್ಲ. ಈ ವರ್ಷ ಸಂಕ್ರಾಂತಿಯ ಹೊತ್ತಿಗೆ ಹುಳಿಯಾರು ಸಂತೆಯಲ್ಲಿ ಕಂಡರು. ಹತ್ತಿರ ಬರಲಿಲ್ಲ. ನನ್ನ ಬಿಳಿ ಸೀರೆ, ಕೈಯಲ್ಲಿದ್ದ ಪೆಟ್ಟಿಗೆ ನೋಡಿ ನಕ್ಕರು. ಮಾರನೆಯ ವಾರವೇ ನಿಮ್ಮ ಹತ್ತಿರ ಬಂದು ಕಲಿಸಿ ಎಂದು ಕೇಳಿದೆ.

ಈಗ ಹೇಳಿ ಕಳಿಸಿದ್ದಾರೆ. ಅವರ ತಾಯಿ ಹಾಸಿಗೆ ಹಿಡಿದಿದ್ದಾರಂತೆ, ನೋಡಿಕೊಳ್ಳಲು ಮನೆಯಲ್ಲೇ ಒಬ್ಬ ನರ್ಸ್ ಇರುವಾಗ ಬೇರೆಯವರು ಯಾಕೆ ಎಂದರಂತೆ. ಬರುತ್ತಾರೆ. ಯಾವಾಗ ಎಂದು ಗೊತ್ತಿಲ್ಲ.

ಯಾರ ಕೈಯನ್ನೂ ಮುರಿಸುವುದು ಬೇಡ. ನನಗೆ ವರಸೆ ಹೇಳಿಕೊಡಿ, ಸಾಕು.

ರಾಮಲಕ್ಷ್ಮಮ್ಮ

•

ಭಿಲಾಯಿ
೧೪-೧-೧೯೭೯

ನರ್ಸಮ್ಮಂಗೆ ಅಂಜನಪ್ಪನ ಆಶೀರ್ವಾದ.

ನಿನ್ನ ಕಾಗ್ದ ಕೇಳ್ದೆ. ಕಟ್ಕಂಡೋನು ಅಂತ ಗೊತ್ತಿದ್ರೆ ನಿನ್ನ ಕೈಗೆ ಕೋಲು ಕೊಡ್ತಿರಲಿಲ್ಲ. ಗಂಡನ ಮ್ಯಾಲೆ ಎತ್ತಾಕೆ ಈ ವಿದ್ಯೆ ಇರೋದಲ್ಲ. ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಅಂತಾರೆ ದೊಡ್ಡೋರು. ಗಂಡಸಿನ ಕೈ ಒಂದೊಂದು ಸಲ ಮುಂದಾಗ್ತದೆ, ಅವನಿಗೇ ಗೊತ್ತಾಗಾಕಿಲ್ಲ. ಆಮೇಲೆ ಅವ್ನೂ ನೊಂದ್ಕಂತಾನೆ. ನಿಮ್ಮಣ್ಣನ್ನ ಕರ್ಕಂಡು, ಊರ ಯಜಮಾನ್ರು ಇಬ್ಬರನ್ನ ಕೂರಿಸ್ಕಂಡು ನ್ಯಾಯ ಮಾಡ್ಕ. ಒಂಟಿ ಹೆಂಗಸು ಎಷ್ಟು ದಿನಾಂತ ಇರ್ತೀಯ?

ಎಡಗೈ ವರಸೆ ಕೇಳಬ್ಯಾಡ.

ಅಂಜನಪ್ಪ

(ಅವರು ಹೇಳಿದ್ದನ್ನಷ್ಟೇ ಬರೆದಿದ್ದೇನೆ, ಸೋದರಿ. ಹೇಳಿ ಮುಗಿಸಿದ ಮೇಲೆ ಬಹಳ ಹೊತ್ತು ಎದ್ದು ಹೋಗಲಿಲ್ಲ. — ಮಲ್ಲಿಕಾರ್ಜುನಯ್ಯ)

•

ಕಾರೇಹಟ್ಟಿ
೧-೨-೧೯೭೯

ಅಂಜನಪ್ಪನವರಿಗೆ ನಮಸ್ಕಾರಗಳು.

ಪತ್ರ ತಲುಪಿತು. ಇನ್ನು ಬರೆದು ತೊಂದರೆ ಕೊಡುವುದಿಲ್ಲ.

ರಾಮಲಕ್ಷ್ಮಮ್ಮ

•

ಭಿಲಾಯಿ
೨೬-೮-೧೯೭೯

ನರ್ಸಮ್ಮ

ಇದು ನಾನೇ ಬರೆದದ್ದು. ನನ್ನ ಕೈ. ಒತ್ತು ತಪ್ಪಿದರೆ ಓದಿಕೊ. ಆರು ತಿಂಗಳಾಯಿತು ಕಲಿಯಾಕೆ. ಅರವತ್ತಮೂರು ವರ್ಷ ನನಗೆ. ಮಲ್ಲಿಕಾರ್ಜುನಯ್ಯೋರು ಹಲಗೆ ಕೊಟ್ಟರು. ಕಾಗದ ಬರೀಬೇಕು ಅಂದೆ. ನಾನು ಬರೀತೀನಲ್ಲ ಅಂದರು. ಇದು ಆಗಲ್ಲ ಅಂದೆ. ಅವರು ಯಾಕೆ ಅಂತ ಕೇಳಲಿಲ್ಲ. ಅವರ ಕೈಯಲ್ಲಿ ಇದನ್ನ ಬರೆಸಾಕೆ ನನಗೆ ಮುಖ ಇರಲಿಲ್ಲ.

ತಿಮ್ಮಕ್ಕನ್ನ ನಾನು ಹೊಡೆದೆ. ದುರ್ಗಯ್ಯ ಆಗ ಕೂಸು. ಗರಡಿಯಿಂದ ಬಂದೆ. ಅನ್ನ ಆಗಿರಲಿಲ್ಲ. ಕೈಯಲ್ಲಿ ಕೋಲಿತ್ತು. ಅವಳು ಕೈ ಅಡ್ಡ ಇಟ್ಟಳು. ಮೊಣಕೈ ಕೆಳಗೆ ಮುರೀತು. ಸದ್ದು ಕೇಳಿತು. ಊರಿಗೆಲ್ಲ ನಾನು ಕಲಿಸಿದ್ದು, ಬರಿಗೈಯೋರ ಮೇಲೆ ಕೋಲು ಎತ್ತಬಾರದು ಅಂತ.

ಆಮೇಲೂ ಹೊಡೆದೆ. ಕೈಯಲ್ಲಿ ಹೊಡೆದೆ. ಕೋಲಲ್ಲಿ ಹೊಡೆಯಲ್ಲ ಅಂತ ನಾನು ಒಳ್ಳೇವನು ಅಂದುಕೊಂಡಿದ್ದೆ.

ಹೊಡೆದೋನು ನೊಂದುಕೊಳ್ತಾನೆ ಅಂತ ನಿನಗೆ ಬರೆಸಿದೆ. ಸುಳ್ಳು. ಅವತ್ತು ನಾನು ಉಂಡು ಮಲಗಿದೆ. ನಿದ್ದೆ ಬಂತು. ನೊಂದುಕೊಂಡಿದ್ದು ಅವಳು ಸತ್ತ ಮೇಲೆ.

ಇನ್ನೊಂದು ಸುಳ್ಳು. ಇಲ್ಲಿ ಇಪ್ಪತ್ತು ಹುಡುಗರು ಇಲ್ಲ. ಒಬ್ಬನೂ ಇಲ್ಲ. ಮೊದಲ ದಿನ ಕೋಲು ಹಿಡಿದು ಬಯಲಿಗೆ ಹೋದೆ. ಕಾವಲಿನವರು ನಕ್ಕರು. ದುರ್ಗಯ್ಯ ಕೋಲು ಕಿತ್ತು ಅಟ್ಟದ ಮೇಲೆ ಇಟ್ಟ. ದಿನಾ ಕಿಟಕೀಲಿ ಕೂರ್ತೀನಿ.

ಈಗ ಎಡಗೈ ವರಸೆ. ಅವನ ಎಡಗೈ ನಿನ್ನ ಬಲಗಡೆಗೆ ಬರ್ತದೆ. ಬಲಗಾಲು ಹಿಂದಕ್ಕೆ ಇಡು. ಒಂದೇ ಹೆಜ್ಜೆ. ಓಡಬೇಡ. ಎರಡು ಕೈಯಲ್ಲೂ ಹಿಡಿ. ಕೋಲಿನ ತುದಿ ಅವನ ಎದೆಗೆ. ಅವನ ಕೈಗಿಂತ ಕೋಲು ಉದ್ದ. ಹೊಡೀಬೇಡ, ನಿಲ್ಲು. ಮೇಲೆ ಬಿದ್ದರೆ ಮೊಣಕಾಲಿಗೆ ಕೊಡು. ತಲೆಗೆ ಬೇಡ, ನೀನು ಜೈಲಿಗೆ ಹೋಗ್ತೀಯ. ಕಿವಿ ಕೇಳಲ್ಲ ಅಂದರೆ ಅವನ ಭುಜ ನೋಡು. ಕೈಗಿಂತ ಮುಂಚೆ ಭುಜ ಏಳ್ತದೆ.

ಆಗಲೇ ಹೇಳಬೇಕಿತ್ತು.

ಅಂಜನಪ್ಪ

•

ಕಾರೇಹಟ್ಟಿ
೨೩-೯-೧೯೭೯

ಪೂಜ್ಯ ಉಸ್ತಾದರಿಗೆ ನಮಸ್ಕಾರಗಳು.

ಲಕೋಟೆಯ ಮೇಲಿನ ಅಕ್ಷರ ನೋಡಿ ಯಾರದೆಂದು ತಿಳಿಯಲಿಲ್ಲ. ಎಲ್ಲ ಅಕ್ಷರವೂ ಓದಲು ಬಂತು. ಒತ್ತು ಒಂದೂ ತಪ್ಪಿರಲಿಲ್ಲ.

ನಿಮ್ಮ ವರಸೆ ತಡವಾಗಿ ಬಂತು. ನನ್ನ ಗಂಡ ಮಾರ್ಚ್ ತಿಂಗಳಲ್ಲೇ ಬಂದು ಹೋದರು.

ಮಧ್ಯಾಹ್ನ ಎರಡು ಗಂಟೆ. ಉಪಕೇಂದ್ರದಲ್ಲಿ ನಾನೊಬ್ಬಳೇ ಸೂಜಿ ಕುದಿಸುತ್ತಿದ್ದೆ. ಬಂದು ಬೆಂಚಿನ ಮೇಲೆ ಕೂತರು. ನೀರು ಕೇಳಿದರು, ಕೊಟ್ಟೆ. ಕೂದಲು ನರೆತಿದೆ. "ಊರವರಿಗೆಲ್ಲ ಸೇವೆ ಮಾಡ್ತೀಯ, ಸ್ವಂತ ಅತ್ತೇಗೆ ಮಾಡಾಕಾಗಲ್ವೇನೆ? ನಡಿ, ಗಂಟು ಕಟ್ಟು" ಅಂದರು. ಮೆಲ್ಲಗೇ ಹೇಳಿದರು. ಬರುವುದಿಲ್ಲ ಎಂದೆ. ಲೋಟ ಕೆಳಗಿಟ್ಟು ಎದ್ದು ನಿಂತರು.

ಕೋಲು ಬಾಗಿಲ ಸಂದಿಯಲ್ಲಿತ್ತು, ತೆಗೆದುಕೊಂಡೆ. ಒಂದು ವರ್ಷ ತೋಟದಲ್ಲಿ ಕಲಿತಿದ್ದೆನಲ್ಲ, ಬಯಲಿನಲ್ಲಿ. ಇದು ಸೂರಿನ ಕೆಳಗೆ. ತಿರುಗಿಸಿದ ಕೂಡಲೇ ಕೋಲಿನ ತುದಿ ಜಂತೆಗೆ ಸಿಕ್ಕಿಕೊಂಡಿತು. ಎಳೆಯುವಷ್ಟರಲ್ಲಿ ಏಟು ಬಿತ್ತು, ಅದೇ ಕಿವಿಗೆ. ಹೇಗೂ ಸತ್ತ ಕಿವಿ. ಬಿದ್ದೆ. ಬಿದ್ದವಳು ಕೋಲು ಬಿಡಲಿಲ್ಲ, ಅದೊಂದೇ ನಾನು ಸರಿಯಾಗಿ ಮಾಡಿದ್ದು. ತೆವಳಿಕೊಂಡು ಅಂಗಳಕ್ಕೆ ಬಂದು ಎದ್ದು ನಿಂತೆ.

ಆಮೇಲೆ ಕೋಲಿನ ತುದಿಯನ್ನು ಅವರ ಎದೆಗೆ ಹಿಡಿದೆ. ನೀವು ಬರೆದಿದ್ದನ್ನೇ, ನೀವು ಬರೆಯುವ ಮುಂಚೆ. ಬೇರೇನೂ ತೋಚಲಿಲ್ಲ. ಅವರು "ಹೊಡಿ, ಹೊಡಿ ನೋಡಾನ" ಅಂದರು. ನಾನು ಹೊಡೆಯಲಿಲ್ಲ. ಅವರು ಎಡಕ್ಕೆ ಬಂದರೆ ಎಡಕ್ಕೆ ತಿರುಗಿದೆ, ಬಲಕ್ಕೆ ಬಂದರೆ ಬಲಕ್ಕೆ. ಎದುರುಮನೆಗಳ ಬಾಗಿಲುಗಳಲ್ಲಿ ಜನ ನಿಂತಿದ್ದರು. ಬೋರಮ್ಮನವರು ನಿಂತಿದ್ದರು. ನಿಮ್ಮ ಶಿಷ್ಯ ಚಿಕ್ಕಣ್ಣನೂ ಇದ್ದ. ಒಬ್ಬರೂ ಹೊಸ್ತಿಲು ಇಳಿಯಲಿಲ್ಲ.

ಎಷ್ಟು ಹೊತ್ತೋ. ಆಮೇಲೆ ತಿರುವಿನಲ್ಲಿ ಮೂರೂವರೆ ಬಸ್ಸಿನ ಹಾರ್ನ್ ಕೇಳಿತು. ಅದು ತಪ್ಪಿದರೆ ಬೆಳಿಗ್ಗೆಯವರೆಗೆ ಬಸ್ಸಿಲ್ಲ. ಅವರು ಒಂದು ಸಲ ರಸ್ತೆ ನೋಡಿದರು, ಒಂದು ಸಲ ನನ್ನನ್ನು ನೋಡಿದರು. ಪಂಚೆ ಕೊಡವಿಕೊಂಡು ಹೊರಟುಹೋದರು. ನನಗೆ ಹೆದರಿ ಹೋದರು ಎಂದು ಬರೆಯಬಹುದು. ಬಸ್ಸಿಗೆ ಹೋದರು. ಇದುವರೆಗೆ ಮತ್ತೆ ಬಂದಿಲ್ಲ.

ಅವತ್ತು ಸಂಜೆ ಯಾರಾದರೂ ಬರುತ್ತಾರೆಂದು ಜಗುಲಿಯ ಮೇಲೆ ಕೂತಿದ್ದೆ. ಯಾರೂ ಬರಲಿಲ್ಲ. ಈಗ ನಾನು ಆಪರೇಶನ್ ಅಮ್ಮ ಅಲ್ಲ, "ಗಂಡನ ಮ್ಯಾಲೆ ದೊಣ್ಣೆ ಎತ್ತಿದೋಳು." ಹೆರಿಗೆಗೆ ಕರೆಯುತ್ತಾರೆ. ಕೂಸು ಹುಟ್ಟಿದ ಮೇಲೆ ಕೂರಿ ಎನ್ನುವುದಿಲ್ಲ.

ಇನ್ನು ನೀವು ಬರೆದದ್ದಕ್ಕೆ. ನನಗೆ ಗೊತ್ತಿತ್ತು, ಉಸ್ತಾದರೇ.

ತಿಮ್ಮಕ್ಕನವರಿಗೆ ಸೂಜಿ ಹಾಕಲು ತೋಳು ಹಿಡಿದ ಮೊದಲ ದಿನವೇ ಕಂಡೆ. ಎಡಮುಂಗೈಯ ಮೂಳೆ ಸೊಟ್ಟಗೆ ಕೂಡಿಕೊಂಡಿತ್ತು. ಬಿದ್ದು ಮುರಿದದ್ದು ಹಾಗಿರುವುದಿಲ್ಲ, ಕೈ ಅಡ್ಡ ಇಟ್ಟವರದು ಹಾಗಿರುತ್ತದೆ. ನಮ್ಮ ಕೆಲಸದಲ್ಲಿ ತಿಳಿಯುತ್ತದೆ. ಕೇಳಿದೆ. "ಬಾವಿಕಟ್ಟೆ ಮ್ಯಾಲಿಂದ ಬಿದ್ದೆ ಕಣವ್ವ" ಅಂದರು. ಸೂಜಿ ಹಾಕಿದೆ. ನಾನೂ ಎಷ್ಟೋ ಸಲ ಬಾವಿಕಟ್ಟೆಯಿಂದ ಬಿದ್ದವಳೇ.

ಗೊತ್ತಿದ್ದೂ ಯಾಕೆ ನಿಮ್ಮ ಹತ್ತಿರವೇ ಬಂದೆ ಎನ್ನುತ್ತೀರೇನೋ. ಏಟು ಎಲ್ಲಿಂದ ಬರುತ್ತದೆ ಎಂದು ನಿಮಗಿಂತ ಚೆನ್ನಾಗಿ ಹೇಳುವವರು ಈ ಸೀಮೆಯಲ್ಲಿ ಇನ್ನು ಯಾರಿದ್ದರು?

ರಾಮಲಕ್ಷ್ಮಮ್ಮ

•

ಭಿಲಾಯಿ
೧೧-೧೧-೧೯೭೯

ನರ್ಸಮ್ಮ

ಗೊತ್ತಿದ್ದೂ ಮೂರು ತಿಂಗಳು ನನ್ನ ಎದುರಿಗೆ ನಿಂತು ಕಲಿತೆ. ನಾನು ಬೈದರೂ ತಲೆ ಬಗ್ಗಿಸಿದೆ. ನಿನ್ನ ಕಾಗದ ಜೇಬಲ್ಲೇ ಇದೆ.

ಚಿಕ್ಕಣ್ಣ ಹೊಸ್ತಿಲು ಇಳಿಯಲಿಲ್ಲ ಅಂದೆ. ಅವನಿಗೆ ಕಲಿಸಿದೋನು ನಾನು.

ಬಾವಿಕಟ್ಟೆ ಅಂದಳಾ. ಅವಳು ಹಂಗೆ ಹೇಳಿದ್ದು ನನಗೆ ಗೊತ್ತಿರಲಿಲ್ಲ. ಯಾರು ಏನಂತ ಕೇಳಿದರು, ಅವಳು ಏನು ಹೇಳಿದಳು, ನಾನು ಕೇಳಲೇ ಇಲ್ಲ.

ಕೊನೇ ದಿನಗಳಲ್ಲಿ ನೀನು ಅವಳ ಹತ್ತಿರ ಕೂತಿರ್ತಿದ್ದೆ. ನಾನು ಗರಡಿ ಕಡೆ ಹೋಗಿರ್ತಿದ್ದೆ. ಅವಳು ಇನ್ನೇನು ಹೇಳಿದಳು? ನನ್ನ ವಿಷಯ ಏನಾದರೂ ಅಂದಳಾ? ಬೈದಿದ್ದರೂ ಸರಿ. ಎಲ್ಲ ಬರಿ. ನಾನೇ ಓದಿಕೊಳ್ತೀನಿ.

ಅಂಜನಪ್ಪ

•

ಕಾರೇಹಟ್ಟಿ
೩೦-೧೨-೧೯೭೯

ಪೂಜ್ಯ ಉಸ್ತಾದರಿಗೆ ನಮಸ್ಕಾರಗಳು.

ಉತ್ತರ ತಡವಾಯಿತು. ಏನು ಬರೆಯಲಿ ಎಂದು ಯೋಚಿಸುತ್ತಿದ್ದೆ. ತಿಮ್ಮಕ್ಕನವರು ನಿಮ್ಮನ್ನು ಕ್ಷಮಿಸಿದರು ಎಂದು ಒಂದು ಸಾಲು ಬರೆದರೆ ನೀವು ಇವತ್ತು ನಿದ್ದೆ ಮಾಡಬಹುದಿತ್ತು. ಆದರೆ ನೀವು ಆರು ತಿಂಗಳು ಹಲಗೆ ಹಿಡಿದು ಅಕ್ಷರ ಕಲಿತದ್ದು ಸುಳ್ಳು ಓದುವುದಕ್ಕಲ್ಲ.

ಹನ್ನೊಂದು ದಿನ ಅವರ ಬಳಿ ಕೂತಿದ್ದೆ. ನಿಮ್ಮ ವಿಷಯ ಒಂದು ಮಾತೂ ಆಡಲಿಲ್ಲ. ಬೈಯಲಿಲ್ಲ, ಹೊಗಳಲಿಲ್ಲ. ಮಾತೆಲ್ಲ ಅವರ ತೌರಿನದು. ಬೋರನಕಣಿವೆ ಕೆರೆ ಕೋಡಿ ಬಿದ್ದ ವರ್ಷ ಅಕ್ಕತಂಗಿಯರು ಗಾಡಿ ಕಟ್ಟಿಕೊಂಡು ನೋಡಲು ಹೋಗಿದ್ದರಂತೆ. ನೀರಿನ ಸದ್ದಿಗೆ ಎತ್ತುಗಳು ಬೆದರಿ ಗಾಡಿ ಹಳ್ಳಕ್ಕೆ ಇಳಿಯಿತಂತೆ, ಬುತ್ತಿಯೆಲ್ಲ ತೇಲಿಹೋಯಿತಂತೆ. ಅದನ್ನು ಮೂರು ದಿನ ಮೂರು ಸಲ ಹೇಳಿದರು, ಮೂರು ಸಲವೂ ನಕ್ಕರು. ಆಗ ಅವರಿಗೆ ಹನ್ನೆರಡು ವರ್ಷವಂತೆ. ಮದುವೆಯಾದ ಮೇಲಿನ ಮಾತು ಒಂದೂ ಬರಲಿಲ್ಲ.

ಇಷ್ಟೇ. ಇದಕ್ಕಿಂತ ಹೆಚ್ಚಿಗೆ ನನ್ನ ಹತ್ತಿರ ಇಲ್ಲ. ಅವರ ಪರವಾಗಿ ಕ್ಷಮಿಸುವ ಅಧಿಕಾರವೂ ನನಗಿಲ್ಲ. ಅದನ್ನು ಕೇಳಬೇಡಿ.

ನನಗೆ ವರ್ಗವಾಗಿದೆ. ಸಂಕ್ರಾಂತಿ ಕಳೆದು ತುರುವೇಕೆರೆ ತಾಲ್ಲೂಕಿನ ಸಂಪಿಗೆ ಕಡೆಗೆ. ಅಲ್ಲಿ ಯಾರೂ ಪರಿಚಯವಿಲ್ಲ. ಗಂಡ ಅಲ್ಲಿಗೂ ಬರಬಹುದು. ಕೆಂಚಯ್ಯನ ಹತ್ತಿರ ಹೇಳಿದ್ದಕ್ಕೆ, "ಹೋಗ್ ಬನ್ನಿ ಕಣಮ್ಮ" ಅಂದ, ಇಷ್ಟು ವರ್ಷದಲ್ಲಿ ಮೊದಲ ಸಲ ಸೈಕಲ್ಲಿನಿಂದ ಇಳಿದು. ಕೋಲನ್ನು ಒಂದು ಗೇಣು ಕತ್ತರಿಸಿದ್ದೇನೆ, ಸೂರಿನ ಕೆಳಗೂ ತಿರುಗುವ ಹಾಗೆ. ಅಷ್ಟು ಗಿಡ್ಡ ಕೋಲಿಗೆ ಹೆಜ್ಜೆ ಬದಲಾಗಬೇಕೋ ಏನೋ, ನನಗೆ ತಿಳಿಯದು. ಹೊಸ ವಿಳಾಸವನ್ನು ಹಿಂಬದಿಯಲ್ಲಿ ದಪ್ಪಕ್ಷರದಲ್ಲಿ ಬರೆದಿದ್ದೇನೆ, ನಿಮಗೆ ಓದಲು ಸುಲಭವಾಗಲೆಂದು.

ನೀವು ಬರೆದರೆ ಓದುತ್ತೇನೆ.

ರಾಮಲಕ್ಷ್ಮಮ್ಮ